ಕೌಂಟರ್ ಮೇಲಿನ ಕರೆಂಟ್ ಗ್ರಿಡಲ್: ಸೈಜ್ ಆಮೇಲೆ, ಮೊದಲು ವ್ಯಾಟ್ ನೋಡಿ

ಪ್ರಶ್ನೆ: ನಮಸ್ಕಾರ ಮೇಡಂ. ನಾವಿಬ್ಬರೇ ಸೇರಿ ನಡೆಸೋ ಚಿಕ್ಕ ಕಿಚನ್ನು, ಗ್ಯಾಸ್ ಇಡೋಕೆ ಜಾಗ ಇಲ್ಲ, ಅದಕ್ಕೆ ಕೌಂಟರ್ ಮೇಲೆ ಕೂರೋ ಕರೆಂಟ್ ಗ್ರಿಡಲ್, ಅಂದ್ರೆ ಅಗಲವಾದ ಚಪ್ಪಟೆ ಹಂಚು, ತಗೊಳ್ಳೋಣ ಅಂತಿದೀವಿ. ಎರಡು ನೋಡಿಟ್ಟಿದೀವಿ, ಎರಡೂ 3 ಕಿಲೋವ್ಯಾಟ್. ಒಂದರ ಪ್ಲೇಟು 60 ಸೆಂ.ಮೀ. ಉದ್ದ 40 ಅಗಲ, 12 ಮಿ.ಮೀ. ದಪ್ಪ. ಇನ್ನೊಂದು 75ಕ್ಕೆ 45, ದಪ್ಪ 8 ಮಿ.ಮೀ. ದೊಡ್ಡದನ್ನೇ ತಗೊಂಡ್ರೆ ಒಂದೇ ಸಲಕ್ಕೆ ಜಾಸ್ತಿ ಬೇಯಿಸಬಹುದಲ್ವಾ?

ಉತ್ತರ: ಜಾಸ್ತಿ ಹರಡಬಹುದು, ಬೇಯಿಸೋಕಾಗಲ್ಲ. ಲೆಕ್ಕ ನೋಡಿ. ಚಿಕ್ಕದು 2400 ಚದರ ಸೆಂ.ಮೀ., ಅಂದ್ರೆ ಪ್ರತಿ ಚದರ ಸೆಂ.ಮೀ.ಗೆ 1.25 ವ್ಯಾಟ್ ಬೀಳುತ್ತೆ. ದೊಡ್ಡದು 3375, ಅಲ್ಲಿಗೆ ಸಿಗೋದು 0.9 ವ್ಯಾಟೂ ಪೂರ್ತಿ ಇಲ್ಲ. ಅದೇ ಬಿಸೀನ ಜಾಸ್ತಿ ಜಾಗಕ್ಕೆ ತೆಳ್ಳಗೆ ಸವರಿದ ಹಾಗೆ ಅಷ್ಟೆ. ಖಾಲಿ ಇದ್ದಾಗ ಎರಡೂ 200 ಡಿಗ್ರಿ ತೋರಿಸ್ತವೆ, ಅಂಗಡಿಯವರು ಡೆಮೋ ಕೊಡೋದೂ ಖಾಲಿ ಪ್ಲೇಟಲ್ಲೇ, ಅಲ್ಲೇ ಎಲ್ಲರೂ ಮೋಸ ಹೋಗೋದು.

ನಿಜವಾದ ಪರೀಕ್ಷೆ ಫ್ರಿಜ್ಜಿಂದ ತೆಗೆದ ತಣ್ಣಗಿನ ಪದಾರ್ಥ ಪ್ಲೇಟ್ ತುಂಬ ಹಾಕಿದಾಗ. ಅದರಲ್ಲಿರೋ ನೀರು ಆವಿ ಆಗೋಕೇ ಕೆಜಿಗೆ ಸುಮಾರು 2260 ಕಿಲೋಜೂಲ್ ಬೇಕು. ಪ್ಲೇಟನ್ನ ಬಿಸಿ ಮಾಡೋ ನಿಮ್ಮ 3 ಕಿಲೋವ್ಯಾಟ್ ಎಲಿಮೆಂಟು ನಿಮಿಷಕ್ಕೆ ಕೊಡೋದು 180 ಕಿಲೋಜೂಲ್, ಅಂದ್ರೆ ಒಂದು ಚೂರೂ ವೇಸ್ಟ್ ಆಗದಿದ್ರೂ ನಿಮಿಷಕ್ಕೆ 80 ಗ್ರಾಂ ನೀರು ಹಾರಿಸಬಹುದು, ಅದಕ್ಕಿಂತ ಜಾಸ್ತಿ ಆಗಲ್ಲ. ನೀವು ಅದಕ್ಕಿಂತ ಜಾಸ್ತಿ ಹಾಕಿದ್ರೆ ಪ್ಲೇಟಿನ ಒಳಗೆ ಕೂತಿರೋ ಬಿಸಿ ಖರ್ಚಾಗ್ತಾ ಹೋಗುತ್ತೆ, ಅದೂ ಮುಗಿದ ಮೇಲೆ ಮೇಲಿರೋದು ಕೆಂಪಗಾಗೋ ಬದಲು ನೀರು ಬಿಟ್ಕೊಂಡು ಬೇಯುತ್ತೆ. ಕೆಂಪಗಾಗೋಕೆ ಪದಾರ್ಥದ ಮೇಲ್ಮೈ ಸುಮಾರು 140 ಡಿಗ್ರಿ ದಾಟಬೇಕು, ನೀರು ನಿಂತಿದ್ದಷ್ಟು ಹೊತ್ತು ಅದು 100ರ ಆಸುಪಾಸಲ್ಲೇ ಇರುತ್ತೆ.

ಹಾಗಾಗಿ ದಪ್ಪಾನೂ ಬೇಕು, ವ್ಯಾಟೂ ಬೇಕು. ದಪ್ಪ ಪ್ಲೇಟು ರಶ್ ಟೈಮಲ್ಲಿ ಬಿಸಿ ಸಾಲ ಕೊಡುತ್ತೆ, ಆ ಸಾಲ ತೀರಿಸೋದು ವ್ಯಾಟ್. ತಮಾಷೆ ಅಂದ್ರೆ ನೀವು ಹೇಳಿದ ಎರಡೂ ಪ್ಲೇಟಿನ ತೂಕ ಹೆಚ್ಚುಕಮ್ಮಿ ಒಂದೇ, ಸ್ಟೀಲ್ ಆದ್ರೆ ಒಂದು 22.6 ಕೆಜಿ ಇನ್ನೊಂದು 21.2, ಆದರೆ ದೊಡ್ಡದರಲ್ಲಿ ಆ ತೂಕ ಹರಡಿಹೋಗಿರುತ್ತೆ, ಮೊಟ್ಟೆ ಒಡೆದು ಹಾಕಿದ ಜಾಗದ ಕೆಳಗೆ ಇರೋ ಲೋಹ ಕಮ್ಮಿ. ತೆಳು ಪ್ಲೇಟಲ್ಲಿ ಇನ್ನೊಂದು ತಲೆನೋವು, ಎಲಿಮೆಂಟ್ ಹೋಗಿರೋ ಗೆರೆ ಮೇಲೆ ಸೀಯುತ್ತೆ, ಪಕ್ಕದಲ್ಲಿ ಹಸಿ ಉಳಿಯುತ್ತೆ. ತಗೊಳ್ಳೋ ಮುಂಚೆ ಪ್ಲೇಟ್ ಪೂರ್ತಿ ಬ್ರೆಡ್ ಸ್ಲೈಸ್ ಜೋಡಿಸಿ ಎರಡು ನಿಮಿಷ ಬಿಟ್ಟು ತಿರುಗಿಸಿ ನೋಡಿ, ಎಲ್ಲಿ ಕಪ್ಪು ಎಲ್ಲಿ ಬಿಳಿ ಅಂತ ಗೊತ್ತಾಗುತ್ತೆ. ಅಂಗಡಿಯವರು ಮುಖ ಸಿಂಡರಿಸಿದ್ರೆ ಸಿಂಡರಿಸಲಿ.

ಹಾಗಂತ 20 ಮಿ.ಮೀ. ಪ್ಲೇಟಿಗೆ ಓಡಬೇಡಿ. 60ಕ್ಕೆ 40ರದ್ದು 12 ಮಿ.ಮೀ. ಇದ್ರೆ 25 ಡಿಗ್ರಿಯಿಂದ 200ಕ್ಕೆ ಏರೋಕೆ 3 ಕಿಲೋವ್ಯಾಟಲ್ಲಿ ಕಾಗದದ ಲೆಕ್ಕಕ್ಕೇ 11 ನಿಮಿಷ, 20 ಮಿ.ಮೀ. ಆದ್ರೆ 18. ಗಾಳಿಗೆ, ಗ್ರಿಡಲಿನ ಮೈಗೆ ಹೋಗೋ ಬಿಸಿ ಸೇರಿಸಿದ್ರೆ ಇನ್ನೂ ಜಾಸ್ತಿ. ಬೆಳಗ್ಗೆ ಒಂದ್ಸಲ ಹಚ್ಚಿ ರಾತ್ರಿ ಆರಿಸೋರಿಗೆ ದಪ್ಪದ್ದು ಸರಿ, ನಡುನಡುವೆ ಆಫ್ ಮಾಡೋರಿಗೆ ಕಾಯೋದೇ ಕೆಲಸ ಆಗುತ್ತೆ. ನಿಮಗೆ ಚಿಕ್ಕದೇ ಸರಿ, ಎರಡು ಥರ್ಮೋಸ್ಟಾಟ್ (ಬಿಸಿ ನೋಡಿಕೊಂಡು ತಾನೇ ಆನ್-ಆಫ್ ಆಗೋದು) ಇರೋದು ಸಿಕ್ಕಿದ್ರೆ ಅದನ್ನೇ ನೋಡಿ, ಒಂದು ಕಡೆ 150ರಲ್ಲಿ ಮೊಟ್ಟೆ, ಇನ್ನೊಂದು ಕಡೆ 200ರಲ್ಲಿ ಬೇರೇದು. ನಾಬ್ ಮೇಲೆ ಡಿಗ್ರಿ ಬದಲು ಬರೀ 1, 2, 3 ಅಂತ ಇದ್ರೆ ಅದು ಥರ್ಮೋಸ್ಟಾಟೋ ಅಥವಾ ಸುಮ್ನೆ ಆನ್-ಆಫ್ ಮಾಡ್ತಾ ಕೂರೋ ರೆಗ್ಯುಲೇಟರೋ ಕೇಳಿ. ರೆಗ್ಯುಲೇಟರಿಗೆ ಪ್ಲೇಟ್ ಎಷ್ಟು ಬಿಸಿ ಇದೆ ಅಂತ ಗೊತ್ತೇ ಆಗಲ್ಲ.

ಇದೆಲ್ಲಕ್ಕಿಂತ ಮುಂಚೆ ಎಲೆಕ್ಟ್ರಿಷಿಯನ್ನ ಕರೆಸಿ. 230 ವೋಲ್ಟಲ್ಲಿ 3 ಕಿಲೋವ್ಯಾಟ್ ಅಂದ್ರೆ 13 ಆಂಪಿಯರ್, ಅದೂ ಗಂಟೆಗಟ್ಟಲೆ. ಅದಕ್ಕೆ ಬೇರೆ ಲೈನು, ಬೇರೆ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಬೇಕು, ಅದೇ ಲೈನಲ್ಲಿ ಫ್ರಿಜ್ಜು ಮಿಕ್ಸಿ ಇರಬಾರದು, ಎಕ್ಸ್‌ಟೆನ್ಷನ್ ಬೋರ್ಡ್ ಅಂತೂ ಹತ್ತಿರಕ್ಕೂ ಬರಬಾರದು. 120 ವೋಲ್ಟ್ ಇರೋ ಕಡೆ ಅದೇ 3 ಕಿಲೋವ್ಯಾಟಿಗೆ 25 ಆಂಪಿಯರ್ ಬೇಕು, ಮಾಮೂಲಿ ಪ್ಲಗ್ ಪಾಯಿಂಟಲ್ಲಿ ಆಗೋ ಮಾತೇ ಅಲ್ಲ. ವೋಲ್ಟೇಜ್ ಡ್ರಾಪ್ ಆಗೋ ಜಾಗ ಆದ್ರೆ ಇದನ್ನೂ ಗಮನಿಸಿ: 230ಕ್ಕೆ ಮಾಡಿದ ಎಲಿಮೆಂಟಿಗೆ 200 ವೋಲ್ಟ್ ಬಂದ್ರೆ ಸಿಗೋ ಬಿಸಿ ಮುಕ್ಕಾಲು ಪಾಲು ಮಾತ್ರ, ಸುಮಾರು 2270 ವ್ಯಾಟ್. ಗ್ರಿಡಲ್ ಸರಿ ಇಲ್ಲ ಅಂತ ವಾಪಸ್ ಕೊಡೋ ಮುಂಚೆ ಕೆಲಸದ ಹೊತ್ತಲ್ಲಿ ವೋಲ್ಟೇಜ್ ಅಳೆಸಿ.

ಪ್ರಶ್ನೆ: ನಮ್ಮ ಗ್ರಿಡಲ್ ನಾಲ್ಕೈದು ದಿನ ರಜಾ ಆದ್ಮೇಲೆ ಹಾಕಿದ್ರೆ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಟ್ರಿಪ್ ಆಗುತ್ತೆ, ದಿನಾ ಹಾಕ್ತಿದ್ರೆ ಏನೂ ಆಗಲ್ಲ. ಅರ್ಥ್ ವೈರ್ ತೆಗೆದ್ಬಿಡಿ ಸರಿಹೋಗುತ್ತೆ ಅಂತ ಒಬ್ಬರು ಹೇಳಿದ್ರು.

ಉತ್ತರ: ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ, ಆಮೇಲೆ ಪ್ಲೇಟ್ ಮುಟ್ಟಿದೋರಿಗೇ ಶಾಕು. ಎಲಿಮೆಂಟಿನ ಒಳಗೆ ತಂತಿ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರ್ತಾರೆ, ಅದು ತಣ್ಣಗಿದ್ದಾಗ ತುದಿಯ ಸೀಲ್ ಕಡೆಯಿಂದ ತೇವ ಎಳ್ಕೊಳ್ಳುತ್ತೆ, ಆಗ ಕರೆಂಟ್ ಸ್ವಲ್ಪ ಗ್ರಿಡಲಿನ ಲೋಹದ ಮೈಗೆ ಲೀಕ್ ಆಗುತ್ತೆ. ದಿನಾ ಬಿಸಿ ಆಗ್ತಿದ್ರೆ ತೇವ ಆರಿಹೋಗಿರುತ್ತೆ, ಅದಕ್ಕೇ ರಜಾ ಆದ್ಮೇಲೆ ಮಾತ್ರ ತೊಂದರೆ. ನಿಮ್ಮ ವಿವರ ಓದಿದ್ರೆ ಇದೇ ಇರಬೇಕು ಅನಿಸುತ್ತೆ, ಆದರೂ ಎಲೆಕ್ಟ್ರಿಷಿಯನ್ ಹತ್ರ ಇನ್ಸುಲೇಷನ್ ಟೆಸ್ಟ್ ಮಾಡಿಸಿ. ಎಲಿಮೆಂಟ್ ತೆಗೆದು ಒಣಗಿಸೋದೋ ಬದಲಾಯಿಸೋದೋ ಅವರು ಹೇಳ್ತಾರೆ. ಪೈಪ್ ಹಿಡಿದು ನೀರು ಹೊಡೆದು ತೊಳೆಯೋ ಅಭ್ಯಾಸ ಇದ್ರೆ ಇವತ್ತೇ ಬಿಡಿ. ಹೊಸದು ಕೊಳ್ಳೋರೂ ಕೇಳಿಕೊಳ್ಳಿ, ಎಲಿಮೆಂಟ್ ಬಿಡಿಯಾಗಿ ಸಿಗುತ್ತಾ, ಬೋಲ್ಟ್ ಬಿಚ್ಚಿ ಹಾಕೋ ಹಾಗಿದೆಯಾ, ಇಲ್ಲಾಂದ್ರೆ ಒಂದು ಎಲಿಮೆಂಟ್ ಹೋದ್ರೆ ಇಡೀ ಗ್ರಿಡಲ್ ಹೋಯ್ತು.

ಪ್ರಶ್ನೆ: ಕ್ರೋಮ್ ಪ್ಲೇಟ್ ಚೆನ್ನಾಗಿರುತ್ತಾ, ಸಾದಾ ಸ್ಟೀಲೇ ಸಾಕಾ?

ಉತ್ತರ: ಕ್ರೋಮ್ ಸುತ್ತಮುತ್ತ ಬಿಸಿ ಕಮ್ಮಿ ಸೂಸುತ್ತೆ, ಎದುರಿಗೆ ನಿಂತೋರಿಗೆ ಹಿತ, ರುಚಿಯೂ ಒಂದರಿಂದ ಇನ್ನೊಂದಕ್ಕೆ ಹತ್ತೋದು ಕಮ್ಮಿ. ಆದರೆ ಕೆಲಸದ ಹುಡುಗರು ಸ್ಕ್ರೇಪರ್ ಮೂಲೆ ಹಾಕಿ ಒಂದ್ಸಲ ಆಳವಾಗಿ ಗೀಚಿದ್ರೆ ಅದು ಗೀಚಿದ ಹಾಗೇ. ಕೈಗೆ ಕೈ ಬದಲಾಗೋ ಕಿಚನ್ನಿಗೆ ಸಾದಾ ಸ್ಟೀಲೇ ನನ್ನ ಓಟು, ಎಣ್ಣೆ ಹಚ್ಚಿ ಪಳಗಿಸಿಕೊಂಡ್ರೆ ಅಂಟಲ್ಲ. ನಾನ್‌ಸ್ಟಿಕ್ ಲೇಪ ಬೇಡವೇ ಬೇಡ, 260 ಡಿಗ್ರಿ ದಾಟಿದ್ರೆ ಆ ಲೇಪ ಕೆಡೋಕೆ ಶುರು, ಖಾಲಿ ಪ್ಲೇಟ್ ಮರೆತು ಬಿಟ್ರೆ ಅಲ್ಲಿಗೆ ಮುಟ್ಟೋದು ಸುಲಭ. ಇನ್ನೊಂದು, ಹೊಳೆಯೋ ಪ್ಲೇಟ್ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದ್ರೆ ನಿಜಕ್ಕಿಂತ ಕಮ್ಮಿ ತೋರಿಸುತ್ತೆ, ಅದನ್ನ ನಂಬಿ ನಾಬ್ ತಿರುಗಿಸ್ತಾ ಹೋಗಬೇಡಿ. ಪ್ಲೇಟಿಗೆ ಒತ್ತಿ ಅಳೆಯೋ ಪ್ರೋಬ್ ಥರ್ಮಾಮೀಟರ್ ವಾಸಿ.

ಪ್ರಶ್ನೆ: ಬಿಸಿ ಪ್ಲೇಟಿಗೆ ಐಸ್ ಸುರಿದು ಕ್ಲೀನ್ ಮಾಡಬಹುದಾ? ವೀಡಿಯೋದಲ್ಲಿ ತೋರಿಸ್ತಾರೆ.

ಉತ್ತರ: ಬೇಡ. ಮೇಲ್ಭಾಗ ಒಮ್ಮೆಗೇ ಕುಗ್ಗಿ ಪ್ಲೇಟ್ ಸೊಟ್ಟ ಆಗಬಹುದು, ಆಮೇಲೆ ಎಣ್ಣೆ ಒಂದೇ ಮೂಲೆಗೆ ಹರಿಯುತ್ತೆ, ಎರಕದ ಕಬ್ಬಿಣ ಆದ್ರೆ ಬಿರುಕೇ ಬಿಡಬಹುದು. ಪ್ಲೇಟ್ ಸ್ವಲ್ಪ ಆರಿದ ಮೇಲೆ ಸ್ಕ್ರೇಪರಲ್ಲಿ ಜಿಡ್ಡು ಕೆರೆದು ಟ್ರೇಗೆ ತಳ್ಳಿ, ಒದ್ದೆ ಬಟ್ಟೆಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ ಬಿಡಿ.