ಮೂಳೆ ಟೊಳ್ಳಾಗಿದೆ, ಆದರೆ ಅಮ್ಮ ಮಾತ್ರೆ ಮುಟ್ಟುತ್ತಿಲ್ಲ. ಏನು ಮಾಡಲಿ?

ನಿಮ್ಮ ಅಮ್ಮನಿಗೆ 71 ವರ್ಷ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕಿ) ಮೈನಸ್ 3 ಬಂದಿದೆ, ವಾರಕ್ಕೊಂದು ಮಾತ್ರೆ ಬರೆದುಕೊಟ್ಟರೂ ತಗೊಳ್ಳುತ್ತಿಲ್ಲ, ಬರೀ ಕ್ಯಾಲ್ಸಿಯಂ ಸಾಕಾ ಅಂತ ಕೇಳಿದ್ದೀರಿ.

ಸಾಲುವುದಿಲ್ಲ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದರೆ ಅದು ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಮೈ ತನ್ನ ಮೂಳೆಯನ್ನು ಸದಾ ಕೆಡವಿ ಕಟ್ಟುತ್ತಲೇ ಇರುತ್ತದೆ. ಗೋಡೆ ಕಟ್ಟುವವರಿಗಿಂತ ಕೆಡವುವವರು ಜಾಸ್ತಿ ಇದ್ದಾಗ ಇಟ್ಟಿಗೆ ತಂದು ಸುರಿದರೆ ಏನು ಬಂತು? ಕ್ಯಾಲ್ಸಿಯಂ, ವಿಟಮಿನ್ ಡಿ ಎರಡೂ ಬೇಕು, ಆದರೆ ಅವು ಇಟ್ಟಿಗೆ ಅಷ್ಟೇ. ಕೆಡವುವವರ ಕೈ ಕಟ್ಟಿಹಾಕುವುದು ಆ ವಾರದ ಮಾತ್ರೆ.

ನನ್ನ ಅಮ್ಮನದೂ ಇದೇ ಕಥೆ. ಎರಡು ತಿಂಗಳು ನಾನು ರೇಗಿದ್ದೇ ರೇಗಿದ್ದು. ಒಂದು ದಿನ ಅವರ ಹಳೇ ಕನ್ನಡಕದ ಡಬ್ಬಿ ತೆಗೆದರೆ ಅದರೊಳಗೆ ಅಲೆಂಡ್ರೊನೇಟ್ ಅನ್ನುವ ಇಂಥದೇ ವಾರದ ಮಾತ್ರೆಯ ಹಾಳೆ. ನಾಲ್ಕರಲ್ಲಿ ಒಂದು ಮಾತ್ರ ಖಾಲಿ. ಆಗ ರೇಗದೆ, "ಆ ಒಂದನ್ನ ತಗೊಂಡಾಗ ಏನಾಯ್ತಮ್ಮ?" ಅಂತ ಕೇಳಿದೆ. ಬೆಳಗಿನ ಕಾಫಿ ಜೊತೆ ನುಂಗಿ ಮತ್ತೆ ಮಲಗಿದ್ದರಂತೆ. ಎದೆಯೆಲ್ಲ ಉರಿದು ಹೋಯಿತಂತೆ.

ಉರಿಯದೆ ಇರುತ್ತಾ! ಈ ಮಾತ್ರೆ ಅನ್ನನಾಳದಲ್ಲಿ ನಿಂತರೆ ಸುಡುತ್ತದೆ. ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು. ಕನಿಷ್ಠ ಅರ್ಧ ಗಂಟೆ ಮಲಗಬಾರದು. ಅಷ್ಟು ಹೊತ್ತು ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಯಾವುದೂ ಬೇಡ. ಎಲ್ಲ ಸರಿಯಾಗಿ ಮಾಡಿದರೂ ಮೈಗೆ ಸೇರುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಕಾಫಿ ಜೊತೆ ನುಂಗಿದರೆ ಅದೂ ಇನ್ನಷ್ಟು ಕಡಿಮೆ. ಇದನ್ನು ಯಾರೂ ಅವರಿಗೆ ಕೂರಿಸಿಕೊಂಡು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಸುಮ್ನೆ ಬೈಯುತ್ತಿದ್ದೆ.

ಎರಡನೇ ಭಯ, ದವಡೆ ಕೊಳೆಯುತ್ತದೆ ಅಂತ ಯಾರೋ ತೋರಿಸಿದ ವಿಡಿಯೋ. ಅದು ಪೂರ್ತಿ ಸುಳ್ಳಲ್ಲ. ಆದರೆ ಮೂಳೆಗೆ ಕೊಡುವ ಪ್ರಮಾಣದಲ್ಲಿ ತುಂಬಾ ಅಪರೂಪ. ಹೆಚ್ಚಾಗಿ ಕಾಣುವುದು ಕ್ಯಾನ್ಸರ್ ಇರುವವರಿಗೆ ಇದೇ ಗುಂಪಿನ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಂಡು ಶುರು ಮಾಡಿ ಅಂದರು ಡಾಕ್ಟರು.

ಆದರೆ ಅಸಲು ತಕರಾರು ಬೇರೆಯೇ ಇತ್ತು. "ನೋವೇ ಇಲ್ಲ, ಮಾತ್ರೆ ಯಾಕೋ?" ಈ ಮಾತಿಗೆ ಸ್ಕ್ಯಾನಿನ ಅಂಕಿ ತೋರಿಸಿದರೆ ಏನೂ ಉಪಯೋಗವಿಲ್ಲ. ನಾನು ಅವರನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ ಟೇಪು ಹಿಡಿದೆ. ಹಳೇ ದಾಖಲೆಯಲ್ಲಿದ್ದ ಎತ್ತರಕ್ಕಿಂತ ಐದು ಸೆಂಟಿಮೀಟರ್ ಕಡಿಮೆ! ಅಮ್ಮ ಟೇಪು ಕಿತ್ತುಕೊಂಡು ತಾವೇ ನೋಡಿದರು. ಎಕ್ಸ್‌ರೇ ತೆಗೆಸಿದರೆ ಬೆನ್ನಿನ ಒಂದು ಮೂಳೆ ಕುಸಿದಿತ್ತು. ಹಿಂದಿನ ವರ್ಷ ಬಕೆಟ್ ಎತ್ತುವಾಗ "ಬೆನ್ನು ಹಿಡ್ಕೊಂಡಿದೆ" ಅಂತ ಮುಲಾಮು ಹಚ್ಚಿಕೊಂಡು ಮಲಗಿದ್ದರಲ್ಲ, ಬಹುಶಃ ಅದೇ. ಬೆನ್ನುಮೂಳೆ ಮುರಿದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ.

ಆಮೇಲೆ ಡಾಕ್ಟರು ಮಾತ್ರೆ ಬಿಟ್ಟು ಅದೇ ಗುಂಪಿನ ಜೊಲೆಡ್ರಾನಿಕ್ ಆಸಿಡ್ ಡ್ರಿಪ್ ಹೇಳಿದರು. 5 ಮಿಲಿಗ್ರಾಂ, ವರ್ಷಕ್ಕೊಮ್ಮೆ, ಕಾಲು ಗಂಟೆಯಿಂದ ಅರ್ಧ ಗಂಟೆ ಕೆಲಸ. ಮೊದಲು ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ಪರೀಕ್ಷೆ ಆಗಬೇಕು. ಕಿಡ್ನಿ ತೀರಾ ಸೋತಿದ್ದರೆ ಇದನ್ನು ಕೊಡುವುದಿಲ್ಲ. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು ಅಂತ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ. ರಾತ್ರಿಯೆಲ್ಲ "ಇದಕ್ಕೇ ನಾನು ಬೇಡ ಅಂದಿದ್ದು" ಅನ್ನಿಸಿಕೊಂಡೆ. ಎರಡನೇ ವರ್ಷ ಏನೂ ಆಗಲಿಲ್ಲ. ಸಾಮಾನ್ಯವಾಗಿ ಮೂರು ವರ್ಷವಾದ ಮೇಲೆ ಸ್ವಲ್ಪ ಕಾಲ ನಿಲ್ಲಿಸಬಹುದಾ ಅಂತ ನೋಡುತ್ತಾರೆ. ಜೀವನಪರ್ಯಂತ ಅಲ್ಲ ಅನ್ನುವುದೇ ಅಮ್ಮನಿಗೆ ದೊಡ್ಡ ಸಮಾಧಾನ.

ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮಾಬ್ ಇಂಜೆಕ್ಷನ್ನೂ ಇದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಮುಂದಿನ ಇಂಜೆಕ್ಷನ್ ತಡ ಮಾಡಿದರೆ, ಅಥವಾ ಬದಲಿಗೆ ಬೇರೆ ಔಷಧಿ ಶುರು ಮಾಡದೆ ನಿಲ್ಲಿಸಿದರೆ ಬೆನ್ನುಮೂಳೆಗಳು ಒಟ್ಟೊಟ್ಟಿಗೆ ಮುರಿಯುವ ಅಪಾಯವಿದೆ. "ಈ ಸಲ ಬೇಡ" ಅನ್ನುವ ಸ್ವಭಾವದವರಿಗೆ ನಾನಂತೂ ಇದನ್ನು ಆರಿಸುವುದಿಲ್ಲ. ಇದು ನನ್ನ ಅಭಿಪ್ರಾಯ, ನೀವು ಡಾಕ್ಟರ ಹತ್ತಿರ ಕೇಳಿ. ನಿದ್ದೆ ಮಾತ್ರೆ, ಬಿಪಿ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ತಲೆ ಸುತ್ತಿ ಬೀಳುವುದು ಎಷ್ಟೋ ಸಲ ಅವುಗಳಿಂದಲೇ.

ಮನೆಯಲ್ಲಿ ಬಚ್ಚಲಿಗೆ ಹಿಡಿಕೆ, ರಾತ್ರಿ ಓಡಾಡುವ ದಾರಿಗೆ ಸಣ್ಣ ದೀಪ ಹಾಕಿಸಿದೆ. ಕೈ ಊರದೆ ಕುರ್ಚಿಯಿಂದ ದಿನಾ ಹತ್ತು ಸಲ ಏಳುತ್ತಾರೆ. ಕಾಲಿಗೆ ಜಾರುವ ಕಾಲೊರೆಸುಗಳನ್ನು ತೆಗೆಯಲು ಮಾತ್ರ ಪೂರ್ತಿ ಒಪ್ಪಲಿಲ್ಲ. ಒಂದು ಉಳಿದಿದೆ. ಅದನ್ನು ನೆಲಕ್ಕೆ ಅಂಟಿಸಿದ್ದೇನೆ.