ತೌಡಿನ ಲೆಕ್ಕ ಯಾವ ಪೇಪರ್‌ನಾಗ ಬರ್ತದ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ನಾನು ಈ ವರ್ಷ ಬಿಕಾಂ ಮುಗಿಸೀನಿ, ಮಾರ್ಕ್ಸ್ ಚಲೋನ ಬಂದಾವು. ಊರಾಗಿನ ಒಂದು ರೈಸ್ ಮಿಲ್‌ನಾಗ ಅಕೌಂಟ್ಸ್ ಕೆಲಸಕ್ಕ ಕೇಳಾಕ ಹೋಗಿದ್ದೆ. ಇ-ವೇ ಬಿಲ್ (ಮಾಲು ಸಾಗಿಸುವಾಗ ಜತಿಗೆ ಇರಬೇಕಾದ ಜಿಎಸ್‌ಟಿ ಚೀಟಿ) ತೆಗೀಲಿಕ್ಕೆ ಬರ್ತದೇನಮ್ಮ, ತೌಡಿನ ಲೆಕ್ಕ ಹೆಂಗ ಹಿಡೀತಿ ಅಂದ್ರು. ಬಾಯಿಂದ ಮಾತು ಬರಲಿಲ್ಲ. ಮೂರು ವರ್ಷ ಓದಿದ್ದು ವೇಸ್ಟ್ ಆತೇನು?
ಹೆಸರು ಬೇಡ, ಸಿಂಧನೂರು

ಉತ್ತರ: ವೇಸ್ಟ್ ಅಂತ ಮಾತ್ರ ಅನಬ್ಯಾಡ ತಂಗಿ. ತೌಡಿನ ಲೆಕ್ಕ ನೀ ಓದಿಯೇ ಇರ್ತೀ, ಅದು ತೌಡು ಅಂತ ನಿನಗ ಯಾರೂ ಹೇಳಲಿಲ್ಲ ಅಷ್ಟ. ಕಾಸ್ಟ್ ಅಕೌಂಟಿಂಗ್‌ನಾಗ ಜಾಯಿಂಟ್ ಪ್ರಾಡಕ್ಟ್, ಬೈ ಪ್ರಾಡಕ್ಟ್ ಅಂತ ಬರ್ತದಲ್ಲ, ಅಂದ್ರ ಒಂದೇ ಕಚ್ಚಾ ಮಾಲಿನಿಂದ ಒಟ್ಟಿಗೆ ಹೊರಬರೋ ಮಾಲು ಮತ್ತ ಉಪಮಾಲು, ಪುಸ್ತಕದಾಗ ಎ, ಬಿ, ಸಿ ಅಂತ ಮೂರು ಮಾಲು ಇಟ್ಟು ಲೆಕ್ಕ ಕೊಡ್ತಾರ, ನಾವೂ ಕಣ್ಣು ಮುಚ್ಚಿ ಬಿಡಿಸ್ತೀವಿ, ಪಾಸೂ ಆಗ್ತೀವಿ. ಮಿಲ್‌ನಾಗ ಆ ಎ ಅಂದ್ರ ಅಕ್ಕಿ, ಬಿ ನುಚ್ಚು, ಸಿ ತೌಡು, ಕಡೀಗೆ ಹೊಟ್ಟು. ಸರ್ಕಾರಕ್ಕ ಮಿಲ್ಲಿಂಗ್ ಮಾಡಿ ಕೊಡೋ ಭತ್ತದಾಗ ಕ್ವಿಂಟಲ್‌ಗೆ 67 ಕೆಜಿ ಅಕ್ಕಿ ಕೊಡಬೇಕು, ಕುಸುಬಲಕ್ಕಿ ಆದ್ರ 68. ಉಳಿದದ್ರಾಗ ತೌಡೆಷ್ಟು ಹೊಟ್ಟೆಷ್ಟು, ಯಾವ ರೇಟಿಗೆ ಹೋತು, ಆ ರೊಕ್ಕ ಅಕ್ಕಿ ಖರ್ಚಿನಾಗ ಕಳೀಬೇಕೋ ಬ್ಯಾಡೋ, ಮಿಲ್ ಮಾಲಕರು ನಿನ್ನ ಕೇಳಿದ್ದು ಇದನ್ನ. ನಿಮ್ಮೂರಾಗ ಮಿಲ್ಲಿಗೇನು ಬರ ಇಲ್ಲ, ಮೂರು ವರ್ಷದಾಗ ಒಂದು ದಿನ ಹುಡುಗ್ರನ್ನ ಅಲ್ಲಿಗೆ ಕರಕೊಂಡು ಹೋಗಿದ್ರ ನೀ ಇವತ್ತು ಈ ಪತ್ರ ಬರೀತಿರಲಿಲ್ಲ.

ಜಿಎಸ್‌ಟಿ ಪಾಠದ್ದೂ ಇದೇ ಹಣೇಬರಹ. 2022ರ ಜುಲೈ 18ರಿಂದ ಲೇಬಲ್ ಹಚ್ಚಿ ಪ್ಯಾಕ್ ಮಾಡಿದ 25 ಕೆಜಿ ವರೆಗಿನ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು, ಅದಕ್ಕೂ ಮ್ಯಾಲಿನ ಚೀಲಕ್ಕ ಇಲ್ಲ. ಮುಂದ ನೋಡಿದ್ರ ಅಂಗಡಿಯಾಗ 26 ಕೆಜಿ ಚೀಲ! ಅದು ಯಾಕ ಬಂತು ಅಂತ ಕ್ಲಾಸಿನಾಗ ಒಬ್ಬರು ಕೇಳಿದ್ದಿದ್ರ ಅರ್ಧ ಪಾಠ ಅಲ್ಲೇ ತಲೀಗೆ ಹತ್ತಿಬಿಡ್ತಿತ್ತು.

ತಪ್ಪು ನಿಂದಲ್ಲವ್ವ. ಸಿಲಬಸ್ ಮಾಡೋದು ಯೂನಿವರ್ಸಿಟಿಯ ಬೋರ್ಡ್ ಆಫ್ ಸ್ಟಡೀಸ್, ಅಲ್ಲಿ ಕುಂದ್ರೋರು ಹೆಚ್ಚಾಗಿ ಪಾಠ ಮಾಡೋರೇ, ನಾಲ್ಕು ಮಿಲ್ಲಿನ ಲೆಕ್ಕ ನೋಡೋ ಟ್ಯಾಕ್ಸ್ ಪ್ರಾಕ್ಟೀಷನರ್ ಒಬ್ಬರನ್ನ ಕರದು ಕೂಡಿಸಿದ್ರ ಏನು ಬಿಟ್ಟುಹೋಗೈತಿ ಅಂತ ಒಂದೇ ಮೀಟಿಂಗ್‌ನಾಗ ಗೊತ್ತಾಗ್ತದ. ಅದರ ಮ್ಯಾಲೆ 2021-22ರಾಗ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಂತ ನಾಲ್ಕು ವರ್ಷದ ಡಿಗ್ರಿ ತಂದ್ರು, 2024-25ಕ್ಕ ಮತ್ತ ಮೂರು ವರ್ಷಕ್ಕ ವಾಪಸ್. ಪೇಪರ್ ಹೆಸರು ಬದಲಾದ್ವು, ಕ್ಲಾಸಿನಾಗ ಕಲಿಸೋ ರೀತಿ ಬದಲಾಗ್ಲಿಲ್ಲ. ನನಗ ಸಿಟ್ಟು ಬರೋದು ಇದಕ್ಕ.

ಈಗ ನೀ ಮಾಡೋದು. ಊರಾಗ ಯಾರರೆ ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸ್‌ನಾಗ ಎರಡು ಮೂರು ತಿಂಗಳು ಕುಂದ್ರು, ಪಗಾರ ಕಮ್ಮಿ ಇದ್ರೂ ನಡೀತದ. 50 ಸಾವಿರ ಮೀರಿದ ಮಾಲಿಗೆ ಇ-ವೇ ಬಿಲ್ ತೆಗಿಯೋದು, ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಾಗ ಎಂಟ್ರಿ, ತಿಂಗಳ ರಿಟರ್ನ್ ಎಲ್ಲಾ ಕೈಗೆ ಹತ್ತತಾವು. 2014ರಾಗ ಅಪ್ರೆಂಟಿಸ್ ಕಾಯ್ದೆ ತಿದ್ದುಪಡಿ ಆದಾಗಿಂದ ಬಿಎ, ಬಿಕಾಂ ಆದೋರಿಗೂ ಸ್ಟೈಪೆಂಡ್ ಮ್ಯಾಲೆ ಅಪ್ರೆಂಟಿಸ್ ಆಗಾಕ ಬರ್ತದ, ಅದಕ್ಕಂತ ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಾಗ ಹೆಸರು ಹಚ್ಚು. ಆಮ್ಯಾಲೆ ಅದೇ ಮಿಲ್ಲಿಗೆ ಹೋಗು, ನಾಚಿಕಿ ಮಾಡ್ಕೋಬ್ಯಾಡ.

ಪ್ರಶ್ನೆ: ನಾನು ಡಿಗ್ರಿ ಕಾಲೇಜ್ ಲೆಕ್ಚರರ್. ಕಂಪನಿಯೋರು ಹೇಳಿದಂಗ ಸಿಲಬಸ್ ಮಾಡ್ರಿ ಅಂತ ಎಲ್ಲಾ ಕಡೆ ಹೇಳ್ತಾರ. ಹಂಗಾದ್ರ ಯೂನಿವರ್ಸಿಟಿ ಯಾಕ ಬೇಕು, ಐಟಿಐ ಸಾಕಲ್ಲ?
ಓದುಗರು, ಕೊಪ್ಪಳ

ಉತ್ತರ: ಮೇಷ್ಟ್ರೇ, ನಿಮ್ಮ ಮಾತಿನಾಗ ಅರ್ಧ ಒಪ್ತೀನಿ. ಒಂದು ಕಂಪನಿಗೆ ಅಂತ ಹೊಲಿದ ಡಿಗ್ರಿ ಆ ಕಂಪನಿ ಬಾಗಿಲು ಹಾಕಿದ ದಿನ ಹರೀತದ. ನಮ್ಮ ಬಳ್ಳಾರಿ ಕಡೇನ ನೋಡ್ರಿ, 2011ರ ಜುಲೈ 29ಕ್ಕ ಸುಪ್ರೀಂ ಕೋರ್ಟ್ ಗಣಿಗಾರಿಕಿ ನಿಲ್ಲಿಸಿದಾಗ ಟಿಪ್ಪರ್ ಸಾಲ ಮಾಡಿದೋರು, ಗಣಿ ಆಫೀಸ್‌ನಾಗ ಇದ್ದೋರು ಮನ್ಯಾಗ ಕುಂತ್ರು. ಆದ್ರ ಸಂಡೂರಿನ ನಂದಿಹಳ್ಳಿ ಪಿಜಿ ಸೆಂಟರ್‌ನಾಗ ಮಿನರಲ್ ಪ್ರೋಸೆಸಿಂಗ್ ಕಲಿಸ್ತಾರಲ್ಲ, ಅಂಥಾ ಕೋರ್ಸ್ ನನಗ ಬಾಳ ಸೇರ್ತದ. ಗಣಿ ಮಗ್ಗಲಾಗೇ ಐತಿ, ಆದ್ರೂ ಅದಿರು ಒಡದು, ಅರದು, ತೊಳದು ಬ್ಯಾರೆ ಮಾಡೋ ವಿದ್ಯೆ ಕಬ್ಬಿಣಕ್ಕೂ ಬರ್ತದ, ಹಟ್ಟಿಯ ಚಿನ್ನಕ್ಕೂ ಬರ್ತದ. ಕಂಪನಿ ಕೇಳೋದು ಈ ಮಷೀನ್ ನಡಸಾಕ ಬರ್ತದೇನು ಅಂತ, ಯೂನಿವರ್ಸಿಟಿ ಕಲಿಸಬೇಕಾದ್ದು ಮಷೀನ್ ಬದಲಾದ್ರೂ ನಿಲ್ಲೋ ಬುದ್ಧಿ. ಅದಕ್ಕ ಮೊದಲು ಹುಡುಗ ಒಂದು ಮಷೀನರೆ ಮುಟ್ಟಿರಬೇಕಲ್ಲ ಸರ್? ಗಿಣಿಗೇರಿಯ ಉಕ್ಕಿನ ಫ್ಯಾಕ್ಟರಿ ನಿಮ್ಮೂರಿಗೆ ದೂರ ಇಲ್ಲ, ನಿಮ್ಮ ಕೆಮಿಸ್ಟ್ರಿ ಹುಡುಗ್ರು ಅಲ್ಲಿಯ ಲ್ಯಾಬ್ ಒಂದ್ಸಲ ನೋಡ್ಲಿ. ಇನ್ನ ಐಟಿಐ ಸಾಕಲ್ಲ ಅಂತ ಹಗುರ ಮಾಡಿ ಅಂದ್ರಿ, ಅದನ್ನ ನಾ ಒಪ್ಪಂಗಿಲ್ಲ.

ಪ್ರಶ್ನೆ: ಮಗಳು ಬಿಎ ಫೈನಲ್. ಒಂದು ಕಂಪ್ಯೂಟರ್ ಸೆಂಟರ್‌ನೋರು ಜಾಬ್ ಗ್ಯಾರಂಟಿ ಅಂತ 40 ಸಾವಿರ ಕೇಳ್ತಾರ. ನಾನು ಜೀನ್ಸ್ ಹೊಲಿಯೋನು, ಸಾಲ ಮಾಡಿ ಕಟ್ಲೇನು?
ಒಬ್ಬ ತಂದೆ, ಬಳ್ಳಾರಿ

ಉತ್ತರ: ಕಟ್ಟಬ್ಯಾಡ್ರಿ ಅಣ್ಣಾರ, ಈಗಲೇ ಅಂತೂ ಬ್ಯಾಡ. ಗ್ಯಾರಂಟಿ ಅನ್ನೋದನ್ನ ಪೇಪರ್ ಮ್ಯಾಲೆ ಬರದು ಕೊಡ್ರಿ ಅನ್ರಿ, ಅಲ್ಲೇ ಗೊತ್ತಾಗ್ತದ. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಾಗ ಕೋರ್ಸ್ ಪುಕ್ಕಟೆ ಕಲೀಬಹುದು, ಪರೀಕ್ಷೆ ಬರದು ಸರ್ಟಿಫಿಕೇಟ್ ಬೇಕಂದ್ರಷ್ಟೇ ಫೀಜು. ನೀವು ಹೊಲಿಯೋ ಯೂನಿಟ್‌ನಾಗ ಆರ್ಡರ್, ಪೀಸು, ಕೂಲಿ ಲೆಕ್ಕ ಯಾರು ಬರೀತಾರ? ಒಂದು ತಿಂಗಳ ಲೆಕ್ಕ ಆಕಿ ಎಕ್ಸೆಲ್‌ನಾಗ ಬರದು ನೋಡ್ಲಿ, ಬಂತು ಅಂದ್ರ ಅದೇ ಆಕೀದು ಮೊದಲ್ನೇ ಅನುಭವ. ಇನ್ನೊಂದು, ಆಕಿಗೆ ಏನು ಕೆಲಸ ಮಾಡೋ ಮನಸ್ಸೈತಿ ಅಂತ ನೀವು ಪತ್ರದಾಗ ಬರದಿಲ್ಲ. ಕೇಳಿ ತಿಳ್ಕೊಂಡು ಮತ್ತ ಬರೀರಿ, ಅಥವಾ ಆಕಿ ಕಡೀಂದನ ಬರಸ್ರಿ.