ಇರಾನಿನ ಇಸ್ಫಹಾನ್‌ನಲ್ಲಿ ಒಂದೇ ದಿನ ಸಿಕ್ಕರೆ ಊರಿನ ಇತಿಹಾಸ ತಿಳಿಯಲು ಎಲ್ಲಿಂದ ಶುರು ಮಾಡಬೇಕು?

ನೇರ ನಕ್ಷ್-ಎ-ಜಹಾನ್ ಚೌಕಕ್ಕೆ ಹೋಗಿ. ಆಗ ಇರಾನ್ ಆಳುತ್ತಿದ್ದ ಸಫಾವಿ ವಂಶದ ದೊರೆ ಒಂದನೇ ಶಾ ಅಬ್ಬಾಸ್ 1598ರ ಹೊತ್ತಿಗೆ ರಾಜಧಾನಿಯನ್ನು ಕಜ್ವೀನ್‌ನಿಂದ ಇಲ್ಲಿಗೆ ತಂದ. ಅರಮನೆ, ಮಸೀದಿ, ಬಜಾರು ಎಲ್ಲವನ್ನೂ ಅರ್ಧ ಕಿಲೋಮೀಟರಿಗಿಂತ ಉದ್ದದ ಈ ಒಂದೇ ಬಯಲಿನ ಸುತ್ತ ಸೇರಿಸಿದ. ಚೌಕದ ತುದಿಗಳಲ್ಲಿ ಪೋಲೋ ಆಟದ ಕಲ್ಲಿನ ಗೋಲ್ ಕಂಬಗಳು ಈಗಲೂ ನಿಂತಿವೆ, ಸುಮ್ನೆ ದಾಟಿ ಹೋಗಬೇಡಿ. ಆಲಿ ಕಾಪು ಅರಮನೆಯ ಮಹಡಿಯಿಂದ ದೊರೆ ಆಟ ನೋಡುತ್ತಿದ್ದ.

ನನ್ನ ಕೇಳಿದರೆ ಜಾಸ್ತಿ ಹೊತ್ತು ಶೇಖ್ ಲೋತ್ಫೊಲ್ಲಾ ಮಸೀದಿಗೆ ಕೊಡಿ. 1619ರಲ್ಲಿ ಮುಗಿದದ್ದು. ಮಿನಾರೂ ಇಲ್ಲ, ಅಂಗಳವೂ ಇಲ್ಲ. ಚೌಕ ಮೆಕ್ಕಾ ದಿಕ್ಕಿಗೆ ನೇರವಾಗಿಲ್ಲ ಅಲ್ವಾ, ಅದಕ್ಕೇ ಒಳದಾರಿಯನ್ನು ತಿರುಗಿಸಿ ಕಟ್ಟಿದ್ದಾರೆ. ಆ ಅರೆಗತ್ತಲ ಓಣಿ ಸುತ್ತಿ ಒಳಗೆ ಬಂದು ತಲೆ ಎತ್ತಿದರೆ ಗುಮ್ಮಟದ ತುಂಬ ಹಳದಿ, ನೀಲಿ ಟೈಲ್ಸ್, ಕಿಟಕಿ ಜಾಲರಿಯಿಂದ ಇಳಿಯುವ ಬಿಸಿಲು ನಡುವೆ ನವಿಲುಗರಿಯ ಹಾಗೆ ಹರಡಿರುತ್ತದೆ. ಎಷ್ಟು ನೋಡಿದರೂ ಸಾಲದು.

ಆಮೇಲೆ ನದಿ ದಾಟಿ ಹೊಸ ಜುಲ್ಫಾಗೆ ಹೋಗಿ. ಶಾ ಅಬ್ಬಾಸ್ ಅರ್ಮೇನಿಯನ್ನರನ್ನು ಅವರ ಊರಿಂದ ಬಲವಂತವಾಗಿ ಎಬ್ಬಿಸಿ ತಂದು ಇಲ್ಲಿ ನೆಲೆಗೊಳಿಸಿದ, ರೇಷ್ಮೆ ವ್ಯಾಪಾರಕ್ಕೆ ಅವರು ಬೇಕಿತ್ತು. ಅಲ್ಲಿನ ವಾಂಕ್ ಚರ್ಚಿನಲ್ಲಿ ಗೋಡೆ ತುಂಬ ಬೈಬಲ್ ಕಥೆಗಳ ಚಿತ್ರ, ಮೇಲೆ ಪರ್ಷಿಯನ್ ಶೈಲಿಯ ಗುಮ್ಮಟ.